ಸಾವಿತ್ರಕ್ಕ ಕೂತರೆ ನಿಲ್ಲುತ್ತಿದ್ದ ಕಾರು

ದೆವ್ವ, ದೃಷ್ಟಿ, ಕಾಲ್ಗುಣ ಇವನ್ನೆಲ್ಲ ನಾನು ನಂಬಿದವನಲ್ಲ. ಚಿಕ್ಕಲಸಂದ್ರದಲ್ಲಿ ಹಳೇ ಕಾರುಗಳ ವೈರಿಂಗ್ ಕೆಲಸ ಮಾಡಿಕೊಂಡಿರುವ ನನಗೆ, ಎಂಥ ಮಾಯೆಗೂ ಒಂದು ಲೂಸ್ ಕನೆಕ್ಷನ್ ಇದ್ದೇ ಇರುತ್ತದೆ ಎಂಬ ಧಿಮಾಕು. ನೀವೂ ನಂಬಬೇಕಿಲ್ಲ, ಸುಮ್ಮನೆ ಕೇಳಿ.

ಕೆಲವು ವರ್ಷಗಳ ಹಿಂದೆ ಹೊಸಕೆರೆಹಳ್ಳಿಯ ರಂಗಣ್ಣ ತಮ್ಮ ಹಳೇ ಕಾರು ತಂದರು. ಜೊತೆಗೆ ತಂಗಿ ಸಾವಿತ್ರಕ್ಕ. ಗಂಡ ತೀರಿಕೊಂಡ ಮೇಲೆ ಆಕೆ ಅಣ್ಣನ ಮನೆಯಲ್ಲೇ ಇದ್ದರು.

"ಇವ್ಳು ಕೂತ್ರೆ ಸಾಕು ಗುರು, ಗಾಡಿ ಆಫ್. ಬೇರೆ ಯಾರ್ ಕೂತ್ರೂ ಸಖತ್ತಾಗಿ ಓಡುತ್ತೆ. ಭಾನುವಾರ ಇವಳ ಮಗಳ ನಿಶ್ಚಿತಾರ್ಥ, ಅಂಜನಾಪುರದಲ್ಲಿ. ಅಪಶಕುನ, ಇವ್ಳು ಬರೋದೇ ಬೇಡ ಅಂತಿದಾರೆ ಮನೇಲಿ" ಎಂದರು ರಂಗಣ್ಣ. ಸಾವಿತ್ರಕ್ಕ ಪಕ್ಕದಲ್ಲೇ ನಿಂತಿದ್ದರು. ನನಗೆ ಮೈ ಉರಿಯಿತು.

"ವೈರ್‌ಗೇನ್ ಹಣೇಲಿ ಕುಂಕುಮ ಇದ್ಯೋ ಇಲ್ವೋ ಕಾಣ್ಸುತ್ತಾ ಅಣ್ಣ?" ಎಂದೆ.

ಹಿಂದಿನ ಸೀಟಿನ ಕೆಳಗೆ, ಟ್ಯಾಂಕಿನಿಂದ ಇಂಜಿನ್ನಿಗೆ ಪೆಟ್ರೋಲ್ ಕಳಿಸುವ ಪಂಪಿನ ವೈರು ಹೋಗುತ್ತದೆ. ಭಾರ ಬಿದ್ದಾಗ ಅದು ಒತ್ತುತ್ತಿದೆ ಎಂದುಕೊಂಡೆ. ಸೀಟು ಎತ್ತಿ ನೋಡಿದರೆ ವೈರು ಚೆನ್ನಾಗಿಯೇ ಇತ್ತು. ನಾನು ಕೂತೆ, ಓಡಿತು. ಸಿಮೆಂಟ್ ಮೂಟೆ ಇಟ್ಟೆ, ಓಡಿತು. ಸಾವಿತ್ರಕ್ಕನನ್ನು ಕೂರಿಸಿದೆ, ಬೀದಿ ದಾಟುವ ಮೊದಲೇ ನಿಂತಿತು. ಮುಂದಿನ ಸೀಟಿನಲ್ಲಿ ಕೂರಿಸಿದೆ. ಅಯ್ಯೋ ಶಿವನೇ, ಆಗಲೂ ನಿಂತಿತು! ಫ್ಯೂಸು, ರಿಲೇ, ಅರ್ತಿಂಗು ಎಲ್ಲ ಬಿಚ್ಚಿ ಜಾಲಾಡಿ, ಜೋಡಿಸಿ, ಆಕೆಯನ್ನು ಮತ್ತೆ ಕೂರಿಸಿದೆ. ಮತ್ತೆ ನಿಂತಿತು. "ಬಿಡಿ ಅಣ್ಣ, ನಾನ್ ಹೋಗಲ್ಲ ನಿಶ್ಚಿತಾರ್ಥಕ್ಕೆ" ಎಂದು ಆಕೆ ನನಗೆ ಮೆಲ್ಲಗೆ ಹೇಳಿದರು.

ನನಗೆ ತಡೆಯಲಾಗಲಿಲ್ಲ. ಗುಜರಿ ಡಬ್ಬಿಯಿಂದ ಯಾವುದೋ ಕಾರಿನ ಸುಟ್ಟ ವೈರಿನ ತುಂಡು ತಂದು ರಂಗಣ್ಣನ ಕೈಗಿಟ್ಟೆ. "ಸಿಕ್ದ ನೋಡಿ ಕಳ್ಳ. ಅಕ್ಕಂದೇನೂ ಇಲ್ಲ ಇದ್ರಲ್ಲಿ" ಎಂದೆ. ಶುದ್ಧ ಸುಳ್ಳು. ಆಕೆಯನ್ನು ಕೂರಿಸಿಕೊಂಡು ಹೊರಟೆ. ಕಾರು ನಿಲ್ಲಲಿಲ್ಲ. ಬನಶಂಕರಿ ಸುತ್ತಿ ಬಂದೆವು, ನಿಲ್ಲಲಿಲ್ಲ. ಭಾನುವಾರ ಆಕೆಯನ್ನು ಕೂರಿಸಿಕೊಂಡೇ ಅಂಜನಾಪುರಕ್ಕೂ ಹೋಗಿ ಬಂತು.

ಒಂದು ವೈರು ಬದಲಿಸಿಲ್ಲ, ಒಂದು ಪಾರ್ಟು ಹಾಕಿಲ್ಲ. ಬಿಚ್ಚಿ ಜೋಡಿಸುವಾಗ ಎಲ್ಲೋ ಏನೋ ಸರಿಯಾಗಿ ಕೂತಿರಬೇಕು ಎನ್ನೋಣವೆಂದರೆ, ಜೋಡಿಸಿದ ಮೇಲೂ ನಿಂತಿತ್ತಲ್ಲ! ಇಷ್ಟು ವರ್ಷವಾದರೂ ನನಗೆ ಬಗೆಹರಿದಿಲ್ಲ.

ನಿಶ್ಚಿತಾರ್ಥ ಮುಗಿದ ಮೇಲೆ ಸಾವಿತ್ರಕ್ಕ ಒಬ್ಬರೇ ಅಂಗಡಿಗೆ ಬಂದರು. "ಅಣ್ಣ, ಆ ವೈರು ನಿಜವಾಗ್ಲೂ ನಮ್ ಗಾಡೀದೇನಾ?" ಎಂದು ಕೇಳಿದರು.

"ಹೂಂ ಅಕ್ಕ, ನಿಮ್ದೇ."

"ಸದ್ಯ" ಎಂದವರು ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟರು. "ಎಲ್ರೂ ಅಂದಂಗೆ ನಾನೂ ನನ್ನಿಂದ್ಲೇ ಅಂದ್ಕೊಂಡ್ಬಿಟ್ಟಿದ್ದೆ ಅಣ್ಣ."