ಫ್ಲ್ಯಾಷ್ ಹಾಕದ ಫಕೀರಣ್ಣ

ಫಕೀರಣ್ಣ ಯಾರ ಮದುವೆಯ ಫೋಟೋ ತೆಗೆಯಲು ಹೋದರೂ ಮೊದಲು ಹೋಗುತ್ತಿದ್ದದ್ದು ಅಡುಗೆಮನೆಗೆ. ಹಂದರದಲ್ಲಿ ಬೀಗರು ಕುಳಿತಿರಲಿ, ವಾದ್ಯದವರು ಬಂದಿರಲಿ, ಅವನು ಕ್ಯಾಮೆರಾದ ಚೀಲ ಹೆಗಲಿಗೇರಿಸಿ, ಚಪ್ಪಲಿ ಕಳಚಿ, ಸೀದಾ ಒಳಗೆ ನಡೆದುಬಿಡುತ್ತಿದ್ದ. "ಫೋಟೋದಾಂವ ಹಸಗೊಂಡ ಬಂದಾನ, ಅವಂಗೊಂದೆರಡ ಬುಂದೇದ ಉಂಡಿ ಕೊಡ್ರವಾ" ಎಂದು ಹೆಂಗಸರು ನಗುತ್ತಿದ್ದರು. ಅವನೂ ನಗುತ್ತಿದ್ದ, ಕೊಟ್ಟ ಉಂಡಿಯನ್ನು ಬೇಡವೆನ್ನದೆ ತಿನ್ನುತ್ತಿದ್ದ. ತಿನ್ನುತ್ತಲೇ ಇನ್ನೊಂದು ಕೈಯ ಅಂಗೈ ಚಾಚಿ, ಅದರ ಮೇಲೆ ಎಷ್ಟು ಬೆಳಕು ಬೀಳುತ್ತದೆಂದು ನೋಡುತ್ತಿದ್ದ. ಆಮೇಲೆ ಬಾಗಿಲ ಹಿಂದೆ ಯಾರು ನಿಂತಿದ್ದಾರೆ, ಮೂಲೆಯಲ್ಲಿ ಯಾರು ಕುಳಿತಿದ್ದಾರೆ ಎಂದು ನೋಡುತ್ತಿದ್ದ. ಅವನು ಹೊಟ್ಟೆಬಾಕ ಎಂಬ ಸುದ್ದಿ ಉಸಗಾಂವದಿಂದ ಮಡ್ಕಯಿಯವರೆಗೆ, ಗೋವಾಕ್ಕೆ ದುಡಿಯಲು ಬಂದ ನಮ್ಮ ಕಡೆಯ ಮಂದಿಯಲ್ಲೆಲ್ಲ ಹಬ್ಬಿತ್ತು. ನಾನೂ ಮೊದಮೊದಲು ಹಾಗೇ ತಿಳಿದಿದ್ದೆ.

ಅವನು ನವಲಗುಂದದ ಕಡೆಯವನು. ಗೋವಾಕ್ಕೆ ಬಂದದ್ದು ಗಾರೆ ಹೊರಲು. ಫೋಂಡಾದ ಒಂದು ಸ್ಟುಡಿಯೋದ ಗೋಡೆಗೆ ಗಿಲಾವು ಮಾಡಲು ಹೋದವನು ಅಲ್ಲಿಯ ಮುದುಕ ಮಾಲೀಕನ ಹತ್ತಿರ ಕ್ಯಾಮೆರಾ ಹಿಡಿಯುವುದನ್ನು ಕಲಿತು, ಮಾಲೀಕ ಕಣ್ಣು ಮುಚ್ಚಿದ ಮೇಲೆ ಪಕ್ಕದ ಓಣಿಯಲ್ಲಿ ತನ್ನದೇ ಒಂದು ಸಣ್ಣ ಅಂಗಡಿ ತೆರೆದಿದ್ದ. ರೀಲಿನ ಕಾಲ ಮುಗಿದು ಡಿಜಿಟಲ್ ಬಂದ ಹೊಸತರಲ್ಲಿ ನಾನು ಅಲ್ಲಿ ಕೆಲಸಕ್ಕೆ ಸೇರಿದೆ. ಆಲ್ಬಮ್ ಜೋಡಿಸುವುದು, ಕಂಪ್ಯೂಟರಿನಲ್ಲಿ ಮುಖಗಳ ಬಣ್ಣ ತಿದ್ದುವುದು ನನ್ನ ಕೆಲಸ. ನನ್ನಪ್ಪ ಉಸಗಾಂವದಲ್ಲಿ ಅದಿರಿನ ಲಾರಿಯಡಿ ಸಿಕ್ಕು ಸತ್ತಾಗ ನಾನು ಮೂರನೇ ಇಯತ್ತೆ. ಅವ್ವ ಮಡ್ಕಯಿಯ ಕಾರ್ಖಾನೆಯೊಂದರಲ್ಲಿ ಕಸ ಹೊಡೆದು ನನ್ನನ್ನು ಹತ್ತನೆಯವರೆಗೆ ಓದಿಸಿದ್ದಳು. ಫಕೀರಣ್ಣ ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ಮೊದಲ ದಿನದಿಂದಲೂ "ತಂಗಿ."

ಅವನಿಗೆ ಫ್ಲ್ಯಾಷ್ ಕಂಡರೆ ಆಗುತ್ತಿರಲಿಲ್ಲ. ಮಂಟಪದಲ್ಲಿ, ಬೀಗರ ಗುಂಪಿನಲ್ಲಿ, ವಿಧಿಯಿಲ್ಲದ ಕಡೆ ಹಾಕುತ್ತಿದ್ದ. ಮನೆಯೊಳಗೆ ಮಾತ್ರ ಜಪ್ಪಯ್ಯ ಅಂದರೂ ಇಲ್ಲ. ಇಗರ್ಜಿಯಲ್ಲಿ ಪಾದ್ರಿ ಫ್ಲ್ಯಾಷ್ ಬೇಡವೆಂದಾಗ ಉಳಿದ ಫೋಟೋಗ್ರಾಫರರೆಲ್ಲ ಗೊಣಗಿದರೆ ಇವನೊಬ್ಬ ಖುಷಿಯಿಂದ ಮೊದಲ ಸಾಲಿಗೆ ಹೋಗಿ ನಿಲ್ಲುತ್ತಿದ್ದ. ಆದರೆ ನಮ್ಮ ಮಂದಿಯ ಮನೆಗಳೆಂದರೆ ಇಗರ್ಜಿಯಲ್ಲ. ತಗಡಿನ ಮಾಡು, ಕಿಟಕಿಯಿಲ್ಲದ ಖೋಲಿ, ಹೊಗೆ ಹಿಡಿದ ಗೋಡೆ, ಒಂದೇ ಒಂದು ಬಲ್ಬು. ಅಂಥ ಕಡೆ ಫ್ಲ್ಯಾಷ್ ಇಲ್ಲದೆ ಫೋಟೋ ಬರಬೇಕೆಂದರೆ ಕ್ಯಾಮೆರಾದಲ್ಲಿ ಐಎಸ್‌ಒ ಎಂಬ ಅಂಕಿಯನ್ನು ಏರಿಸಬೇಕು. ಏರಿಸಿದರೆ ಕತ್ತಲಲ್ಲಿದ್ದದ್ದು ಕಾಣುತ್ತದೆ, ಆದರೆ ಚಿತ್ರದ ತುಂಬ ಬಣ್ಣಬಣ್ಣದ ಚುಕ್ಕೆ ಏಳುತ್ತವೆ. ನನಗೆ ಅದನ್ನು ಅವನು ಹೇಳಿಕೊಟ್ಟ ರೀತಿಯೇ ಬೇರೆ. "ಇದು ಎತ್ತ ಇದ್ದಂಗ ತಂಗಿ. ಎಂಟನೂರರ ಮಟಾ ಹೇರಿದ್ರ ಸುಮ್ಮನ ಎಳೀತೈತಿ. ಹದಿನಾರನೂರಕ್ಕ ಏದುಸಿರ ಬಿಡತೈತಿ. ಅದರ ಮ್ಯಾಲ ಹೇರಿದಿ ಅಂದ್ರ ನೊಗಾ ಒಗದು ನೆಲಾ ಹಿಡೀತೈತಿ." ಅವನು ದಿನಾ ಅದನ್ನು ನೆಲ ಹಿಡಿಸುತ್ತಿದ್ದ. ಆ ಚುಕ್ಕೆಗಳನ್ನು ಅಳಿಸುತ್ತ ಕೂತು ನನ್ನ ಕಣ್ಣು ನೋಯುತ್ತಿದ್ದವು.

ಗಿರಾಕಿಗಳು ಬಿಡುತ್ತಿದ್ದರೆ? ಒಮ್ಮೆ ಮದುಮಗಳ ಸೋದರಮಾವ ಆಲ್ಬಮ್ಮನ್ನು ಗಲ್ಲಾಪೆಟ್ಟಿಗೆಯ ಮೇಲೆ ಕುಕ್ಕಿ, "ಇದೇನ್ರಿ, ನಮ್ಮ ಹುಡುಗಿ ಮಾರಿ ಮ್ಯಾಲ ರವಾ ಚೆಲ್ಲಿದಂಗ ಆಗೇತಿ!" ಎಂದು ಕೂಗಾಡಿದ. ಫಕೀರಣ್ಣ ಆ ಪುಟವನ್ನು ನಿಧಾನವಾಗಿ ತನ್ನ ಕಡೆ ತಿರುಗಿಸಿಕೊಂಡ. "ರವಾ ಬಿದ್ದೇತ್ರಿ, ಖರೇ. ಆದ್ರ ಹಿಂದ ಕದದ ಸಂದ್ಯಾಗ ನಿಂತಾಕಿ ಯಾರು ಅಂತ ಗುರ್ತ ಸಿಕ್ಕತೇನ್ರಿ?" ಎಂದು ಕೇಳಿದ. ಆ ಮನುಷ್ಯ ಬಗ್ಗಿ ನೋಡಿದ. ಅವನ ತಂಗಿಯೇ, ಮದುಮಗಳ ತಾಯಿ, ಗಂಡ ಸತ್ತವಳು. ಮತ್ತೆ ಅವನು ರವೆಯ ಮಾತೆತ್ತಲಿಲ್ಲ. ಆಲ್ಬಮ್ ಬಗಲಲ್ಲಿ ಇಟ್ಟುಕೊಂಡು ಹೋದ.

ಅಂದು ನನಗೆ ತಿಳಿಯಿತು, ಫಕೀರಣ್ಣ ಅಡುಗೆಮನೆಗೆ ಹೋಗುತ್ತಿದ್ದದ್ದು ಉಂಡಿಗಲ್ಲ. ನಮ್ಮಲ್ಲಿ ಗಂಡ ಸತ್ತ ಹೆಂಗಸು ಮಗಳ ಮದುವೆಯಲ್ಲೂ ಹಂದರಕ್ಕೆ ಬರುವಂತಿಲ್ಲ. ಅರಿಶಿಣ ಮುಟ್ಟುವಂತಿಲ್ಲ, ಅಕ್ಷತೆಯ ಅಕ್ಕಿಕಾಳು ಹಾಕುವಂತಿಲ್ಲ. ತಾಳಿ ಕಟ್ಟುವ ಹೊತ್ತಿಗೆ ಅವಳು ಒಳಗೆಲ್ಲೋ ಕತ್ತಲಲ್ಲಿ ನಿಂತಿರುತ್ತಾಳೆ. ಫಕೀರಣ್ಣ ಮೊದಲು ಬಾಯಿಂದಲೂ ಹೇಳಿ ನೋಡಿದ್ದನಂತೆ, ಆ ತಾಯಿಯನ್ನು ಹೊರಗೆ ಕರೆಯಿರಿ ಎಂದು. "ನೀ ಫೋಟೋ ತಗಿಯಾಕ ಬಂದೀಯೋ, ಶಾಸ್ತ್ರಾ ಹೇಳಾಕ ಬಂದೀಯೋ?" ಎಂದು ಹಿರಿಯರು ಬಾಯಿ ಮುಚ್ಚಿಸಿದ್ದರು.

ಆಷಾಢದಲ್ಲಿ ಮದುವೆಗಳಿರುವುದಿಲ್ಲ. ಅಂಥದೊಂದು ಮಧ್ಯಾಹ್ನ, ಪಾವು ಬ್ರೆಡ್ಡು ಚಹಾದಲ್ಲಿ ಅದ್ದಿ ತಿನ್ನುತ್ತ, "ಫ್ಲ್ಯಾಷ್ ಹಾಕಿದ್ರ ಕದದ ಸಂದ್ಯಾಗಿನ ಆ ತಾಯಿ ಮಾರಿ ಚಂದ ಕಾಣತಿತ್ತಲ್ಲೋ ಅಣ್ಣಾ, ಯಾಕ ಇಷ್ಟ ಹಟಾ?" ಎಂದು ಕೇಳಿದೆ. ಅವನು ಪಾವನ್ನು ಕಪ್ಪಿನ ಬಸಿಯಲ್ಲಿಟ್ಟ.

ಅವನಿಗೊಬ್ಬ ಅಕ್ಕ, ನೀಲವ್ವ. ತಾಯಿಯಿಲ್ಲದ ಇವನನ್ನು ಸಾಕಿದವಳು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ಅವಳ ಮಗಳ ಮದುವೆಗೆ ಇವನು ಗೋವಾದಿಂದ ಹೊಸ ಫ್ಲ್ಯಾಷ್ ಹೊತ್ತು ಹೋಗಿದ್ದ, ಊರವರ ಮುಂದೆ ಸ್ವಲ್ಪ ಮೆರೆಯಲೆಂದೂ ಹೌದು. ಅಕ್ಕಿಕಾಳಿನ ಹೊತ್ತಿಗೆ ಅಕ್ಕ ನಡುಮನೆಯ ಕದದ ಹಿಂದೆ ನಿಂತು ಇಣುಕುತ್ತಿದ್ದಳು. ಇವನು ಪ್ರೀತಿಯಿಂದಲೇ ಕ್ಯಾಮೆರಾ ಆ ಕಡೆ ತಿರುಗಿಸಿದ. "ಫ್ಲ್ಯಾಷ್ ಹೊಡೀತು ತಂಗಿ. ಹಂದರಾನ ಹೊಳ್ಳಿ ಆಕಿನ್ನ ನೋಡ್ತು. ಬೀಗರ ಹಿರ್ಯಾ ಒಬ್ಬಾಂವ, ಶುಭ ಕಾಲಕ್ಕ ಎದುರಿಗೆ ಯಾಕ ಬಂದಿ, ಅಂದ. ಆಕಿ ಹಿತ್ತಲಕ್ಕ ಹೋಗಿ ಮುಸುರಿ ಭಾಂಡೆದಾಗ ಕುಂತ್ಲು. ಮಗಳನ್ನ ಒಪ್ಪಿಸೂ ಮುಂದನೂ ಎದ್ದ ಬರಲಿಲ್ಲ." ಬಸಿಯನ್ನು ಪಕ್ಕಕ್ಕೆ ಸರಿಸಿ, "ನನಗ ಒಂದ ಮಾತ ಬೈಲಿಲ್ಲ. ಬೈದಿದ್ರ ಚಲೋ ಇತ್ತು" ಎಂದ. ಆ ಅಕ್ಕ ಮುಂದೆ ಎರಡೇ ವರ್ಷ ಬದುಕಿದ್ದು. ಅವಳ ಒಂದೇ ಒಂದು ಫೋಟೋ ಅದು. ಅದರಲ್ಲಿ ಬೆಳಕಿಗೆ ಹೆದರಿ ಕೈಯಿಂದ ಮುಖ ಮುಚ್ಚಿಕೊಂಡಿದ್ದಾಳೆ.

ಹೊಸ ಕ್ಯಾಮೆರಾ ಬಂದದ್ದು ಆ ಮಾತಾಗಿ ಮೂರು ನಾಲ್ಕು ವರ್ಷಕ್ಕೆ. ಕತ್ತಲಲ್ಲೂ ಚುಕ್ಕೆ ಏಳದ ಕ್ಯಾಮೆರಾ ಬಂದಿದೆ ಎಂದು ಯಾರೋ ಹೇಳಿದ್ದೇ ಸೈ, ಇವನು ಬೈಕು ಮಾರಿ ತಂದ. "ಹೊಟ್ಟಿಗಿ ಹಿಟ್ಟಿಲ್ಲಂದ್ರೂ ಜುಟ್ಟಿಗಿ ಮಲ್ಲಿಗಿ ಹೂವು" ಎಂದು ಹೆಂಡತಿ ಅಂಗಡಿಗೇ ಬಂದು ಮಂಗಳಾರತಿ ಮಾಡಿ ಹೋದಳು. ಅವನ ಕಿವಿಗೆ ಬಿದ್ದಂತಿರಲಿಲ್ಲ. ನನ್ನನ್ನು ಹಿಂದಿನ ಸಾಮಾನಿನ ಕೋಣೆಯಲ್ಲಿ ಕೂರಿಸಿ, ಬಾಗಿಲು ಮುಂದಕ್ಕೆಳೆದು, ಬೆರಳಗಲ ಸಂದಿ ಬಿಟ್ಟು ಒಂದೊಂದೇ ಫೋಟೋ ತೆಗೆಯುತ್ತ ಹೋದ. ಕಂಪ್ಯೂಟರಿಗೆ ಹಾಕಿ ನೋಡಿದೆವು. ಹದಿನಾರುನೂರು, ಮೂವತ್ತೆರಡುನೂರು, ಅರವತ್ತನಾಲ್ಕುನೂರು. ನನ್ನ ಕಿವಿಯ ಬೆಂಡೋಲೆಯ ಹರಳು ಸಹಾ ಕಾಣುತ್ತಿತ್ತು. "ಉಸ್ ಅನ್ನವಲ್ದು ನೋಡ ತಂಗಿ! ಎಷ್ಟ ಹೇರಿದ್ರೂ ಉಸ್ ಅನ್ನವಲ್ದು!" ಎಂದು ಕುಣಿದಾಡಿದ. ಅವನು ಅಷ್ಟು ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ. ಆಮೇಲೆ ಕುರ್ಚಿಯಲ್ಲಿ ಕೂತು, ಬೆನ್ನು ನನ್ನ ಕಡೆ ಮಾಡಿ, ಕಣ್ಣೊರೆಸಿಕೊಂಡ.

ಮರುವರ್ಷ ನನ್ನ ಮದುವೆ. ಗಂಡಿನವರು ಮ್ಹಾಪಸಾದವರು, ಮೂಲ ವಿಜಯಪುರದ ಕಡೆಯ ಮಂದಿ, ಸಂತೆಯಲ್ಲಿ ಮಣಿಸರ, ಕಸೂತಿ ಚೀಲ ಮಾರುವವರು. ಉಸಗಾಂವದ ನಮ್ಮ ಖೋಲಿಯ ಮುಂದೆಯೇ ಹಂದರ. ಹಿಂದಿನ ದಿನ ಅವ್ವ ನನ್ನ ತಲೆ ಬಾಚುತ್ತ, "ನಾ ಒಳಗಿರ್ತೀನಿ. ನೀ ಮಾತ್ರ ಹೊಳ್ಳಿ ನೋಡಬ್ಯಾಡ, ಮಂದಿ ಕಣ್ಣಿಗೆ ಬೀಳ್ತೈತಿ" ಎಂದಳು. ನಾನು ನೋಡಲಿಲ್ಲ. ಅಪ್ಪನ ತಮ್ಮ ಕಾಕಾ, ಅವನ ಹೆಂಡತಿ ಕಾಕು ನನ್ನನ್ನು ಧಾರೆಯೆರೆದರು. ಅಕ್ಕಿಕಾಳು ತಲೆಯ ಮೇಲೆ ಬೀಳುವಾಗ ಮುಂದೆ ನಿಂತು ಫೋಟೋ ತೆಗೆಯುತ್ತಿದ್ದವನು ಬೇರೆ ಯಾರೋ. ಫಕೀರಣ್ಣ ತನ್ನ ಜಾಗಕ್ಕೆ ಇನ್ನೊಬ್ಬನನ್ನು ಒಪ್ಪಿಸಿ ಎಲ್ಲಿಗೆ ಹೋದ ಎಂದು ನನಗೆ ಸಿಟ್ಟೇ ಬಂದಿತ್ತು.

ಎಂಟು ದಿನ ಬಿಟ್ಟು ತವರಿಗೆ ಬಂದಾಗ ಅಂಗಡಿಗೆ ಹೋದೆ. ನನ್ನ ಆಲ್ಬಮ್ಮನ್ನು ನಾನೇ ಜೋಡಿಸಲು ಕೂತೆ. ಒಂದೊಂದೇ ಫೋಟೋ ದಾಟಿಸುತ್ತ ಹೋಗಿ ಆ ಒಂದರ ಹತ್ತಿರ ನನ್ನ ಕೈ ನಿಂತಿತು. ನಮ್ಮ ಅಡುಗೆಮನೆ. ಆಚೆ ಬಾಗಿಲಿನ ಬೆಳಕಿನಲ್ಲಿ ಮಂದಿಯ ಬೆನ್ನು, ಅವರ ನಡುವೆ ಮಸುಕಾಗಿ ನನ್ನ ಬಾಸಿಂಗ. ಈಚೆ ಕತ್ತಲಲ್ಲಿ ಅವ್ವ. ಸೆರಗು ತಲೆ ತುಂಬ ಹೊದ್ದು, ಬಲಗೈ ಎತ್ತಿದ್ದಾಳೆ. ಆ ಕೈಯಿಂದ ಹೊರಟ ಅಕ್ಕಿಕಾಳು ಗಾಳಿಯಲ್ಲಿವೆ, ಕೆಲವು ಆಗಲೇ ಹೊಸ್ತಿಲ ಈಚೆ ನೆಲದ ಮೇಲೆ ಬಿದ್ದಿವೆ. ನನ್ನ ತನಕ ಒಂದೂ ಬಂದಿಲ್ಲ. ಕದ್ದು, ಯಾರೂ ನೋಡದ ಹಾಗೆ, ನನ್ನ ತಾಯಿ ನನಗೆ ಅಕ್ಕಿಕಾಳು ಹಾಕಿದ್ದಳು. ಅವಳ ತುಟಿ ಏನೋ ಅನ್ನುತ್ತಿದ್ದದ್ದೂ ಕಾಣುತ್ತಿತ್ತು.

ನಾನು ಅಳಬೇಕಿತ್ತು. ಕಣ್ಣೀರು ಬಂತೋ ಏನೋ, ನೆನಪಿಲ್ಲ. ನೆನಪಿರುವುದು ಹೆದರಿಕೆ. ಅತ್ತೆ ಇದನ್ನು ನೋಡಿದರೆ? ನಾಳೆ ಗಂಡನಿಗೆ ಸಣ್ಣ ಜ್ವರ ಬಂದರೂ ಅವ್ವನ ಕೈಯ ಕಾಳಿನಿಂದಲೇ ಬಂತು ಎಂದರೆ? "ಅಣ್ಣಾ, ಇದನ್ನ ಆಲ್ಬಮ್ಮಿಗೆ ಹಾಕಬ್ಯಾಡ" ಎಂದೆ. ಅವನು ನನ್ನ ಹಿಂದೆಯೇ ನಿಂತಿದ್ದ. ಮೆಲ್ಲಗೆ, "ಆತು ತಂಗಿ. ಅಳಸ್ಲೇನು?" ಎಂದು ಕೇಳಿದ.

"ಅಳಸು" ಎಂದೆ. ಆ ಮಾತು ನನ್ನ ಬಾಯಿಂದಲೇ ಬಂತು. ಹತ್ತು ವರ್ಷ ಆ ಮನುಷ್ಯ ಕತ್ತಲ ಜೊತೆ ಗುದ್ದಾಡಿದ್ದು ಯಾವುದಕ್ಕೆಂದು ಎಲ್ಲರಿಗಿಂತ ಚೆನ್ನಾಗಿ ಬಲ್ಲ ನನ್ನ ಬಾಯಿಂದ. ಅವನು ಎದುರಾಡಲಿಲ್ಲ, ಮುಖವನ್ನೂ ಗಂಟಿಕ್ಕಲಿಲ್ಲ. ಚಹಾ ತರಿಸುತ್ತೇನೆ ಎಂದು ಹೊರಗೆ ಹೋದ.

ಅತ್ತೆಯ ವಿಷಯವನ್ನೂ ಹೇಳಿಬಿಡುತ್ತೇನೆ, ಮುಚ್ಚಿಡುವುದೇನಿದೆ. ಆಲ್ಬಮ್ ಮನೆಗೆ ಬಂದ ದಿನ ಅವರು ಕನ್ನಡಕ ಹಾಕಿಕೊಂಡು ಪುಟ ಪುಟ ನೋಡಿ, "ಎಲ್ಲಾರೂ ಅದಾರ, ನಿಮ್ಮವ್ವ ಒಂದರಾಗೂ ಇಲ್ಲಲ್ಲವಾ. ಹೆತ್ತಾಕಿ ಅಲ್ಲೇನ ಆಕಿ?" ಎಂದರು. ನಾನು ಆಲ್ಬಮ್ ಮುಚ್ಚಿ ಒಳಗಿಟ್ಟೆ.

ಎರಡು ವರ್ಷಕ್ಕೆ, ಮಳೆಗಾಲದ ಒಂದು ಜ್ವರದಲ್ಲಿ ಅವ್ವ ಹೋದಳು. ಗೋಡೆಗಿಟ್ಟು ಪೂಜೆ ಮಾಡಲು ಅವಳದೊಂದು ಫೋಟೋ ಇರಲಿಲ್ಲ. ಕಾರ್ಖಾನೆಯ ಗುರುತಿನ ಚೀಟಿಯಲ್ಲಿದ್ದ ಉಗುರಿನಷ್ಟು ಚಿತ್ರವನ್ನೇ ದೊಡ್ಡದು ಮಾಡಿಸಿದೆವು. ಅದರಲ್ಲಿ ಅವಳು ಯಾರಿಂದಲೋ ಬೈಸಿಕೊಂಡವಳ ಹಾಗೆ ಕಾಣುತ್ತಾಳೆ.

ಅವ್ವನ ದಿನಕರ್ಮ ಮುಗಿಸಿ ಫಕೀರಣ್ಣನ ಮನೆಗೆ ಹೋದೆ. ಅವನಿಗೂ ಹುಷಾರಿಲ್ಲ ಎಂದು ಕೇಳಿದ್ದೆ. ಸಕ್ಕರೆ ಕಾಯಿಲೆ ಕಿಡ್ನಿಗೆ ಇಳಿದಿತ್ತು. ಅಂಗಡಿ ಬಾಗಿಲು ಹಾಕಿತ್ತು. ಕಾಲು ಊದಿಕೊಂಡು, ಹಾಸಿಗೆಯಲ್ಲಿ ಗೋಡೆಗೊರಗಿ ಕೂತಿದ್ದ. ಅವ್ವನ ಸುದ್ದಿ ಅವನಿಗೆ ತಲುಪಿತ್ತು. ಕೈಸನ್ನೆಯಿಂದಲೇ ಹತ್ತಿರ ಕರೆದು ಕೂರಿಸಿಕೊಂಡ. ಕೇಳಬಾರದೆಂದುಕೊಂಡೇ ಹೋಗಿದ್ದೆ, ತಡೆಯಲಾಗಲಿಲ್ಲ.

"ಅಣ್ಣಾ, ಆ ಫೋಟೋ..."

"ಅಳಿಸೀನಿ ತಂಗಿ. ನೀ ಹೇಳಿದ್ದೆಲ್ಲ." ಉಸಿರು ತೆಗೆದುಕೊಂಡ. "ಅಳಸೂ ಮೊದಲ ಒಂದ ಪ್ರಿಂಟ್ ತಗದಿದ್ದೆ. ನಿನಗ ಹೇಳಲಿಲ್ಲ. ಒಯ್ದು ನಿಮ್ಮವ್ವಗ ಕೊಟ್ಟೆ."

ಅದು ಎಲ್ಲಿದೆ ಎಂದು ಕೇಳುವಷ್ಟರಲ್ಲಿ ಅವನು ಕೈ ಅಡ್ಡ ಹಿಡಿದ.

"ಆಕಿ ಭಾಳ ಹೊತ್ತ ನೋಡಿದ್ಲು. ಇದು ನಾನ ಏನೋ ಫಕೀರಪ್ಪಾ, ಅಂದ್ಲು. ಹೌದ ಅಕ್ಕಾ, ನೀನ, ಅಂದೆ. ಆಮ್ಯಾಲ ನನ್ನ ಮಾರಿ ನೋಡಿ, ನನ್ನ ಕಾಳು ಆಕಿ ಮಟಾ ಮುಟ್ಟಿದ್ವೇನೋ, ಅಂತ ಕೇಳಿದ್ಲು."

ಹೊರಗೆ ಅವನ ಹೆಂಡತಿ ನಳದಡಿ ಕೊಡ ಇಡುವ ಸದ್ದು ಕೇಳಿಸಿತು.

"ಮುಟ್ಟಿದ್ವು ಅಂದೆ. ಹಂಗಾರ ಸಾಕು ಅಂತ ಎದ್ದ್ಲು, ಫೋಟೋ ಒಲಿಗೆ ಹಾಕಿದ್ಲು. ಯಾರರ ನೋಡಿದ್ರ ಹುಡುಗಿಗೆ ತ್ರಾಸ ಆದೀತು ಅಂದ್ಲು. ನೀನೂ ಆಕೀನೂ ಒಂದ ಮಾತ ಹೇಳಿದ್ರಿ." ಅವನ ಕಣ್ಣು ತುಂಬಿದ್ದವು. "ಖರೇ ಅಂದ್ರ ಕಾಳು ಹೊಸ್ತಲಾ ದಾಟಿರಲಿಲ್ಲ. ನೀನೂ ನೋಡೀದಿ. ಸುಳ್ಳ ಹೇಳಿದೆ ನಾ. ತಪ್ಪಾತೇನ ತಂಗಿ?"

ನಾನು ಅವನ ಕಾಲಿನಿಂದ ಜಾರಿದ್ದ ಹೊದಿಕೆಯನ್ನು ಸರಿಮಾಡಿದೆ. ಅಷ್ಟರಲ್ಲಿ ಅವನ ಹೆಂಡತಿ ಚಹಾ ತಂದಳು, ಅವಳ ಮುಂದೆ ಆ ಮಾತು ಮುಂದುವರಿಯಲಿಲ್ಲ. ಮುಂದಿನ ವಾರ ಬರುತ್ತೇನೆ ಎಂದು ಹೇಳಿ ಎದ್ದು ಬಂದೆ. ಮುಂದಿನ ವಾರ ಹೋದಾಗ ಮನೆಗೆ ಕೀಲಿ ಜಡಿದಿತ್ತು. ಅವನ ಮಗ ಬಂದು ಇಬ್ಬರನ್ನೂ ನವಲಗುಂದದ ಕಡೆ ಕರೆದುಕೊಂಡು ಹೋಗಿದ್ದ. ಒಂದು ತಿಂಗಳೊಳಗೆ ಅಲ್ಲಿಯೇ ತೀರಿಕೊಂಡನಂತೆ. ನನಗೆ ಗೊತ್ತಾಗುವಾಗ ಮಣ್ಣಾಗಿ ಒಂಬತ್ತು ದಿನ ಕಳೆದಿತ್ತು.

ತಪ್ಪಾಗಲಿಲ್ಲ ಅಣ್ಣಾ. ಅಷ್ಟು ಹೇಳಲು ನನಗೆ ಅಂದು ಬಾಯಿ ಬರಲಿಲ್ಲ.