ಬಾವಾನ ಆರು ಬಂಡಿ ಮತ್ತು ಕಂಬಾರ ಕಾಕು

ಆಗ ನನಗೆ ಹತ್ತೊಂಬತ್ತು. ಅದಾಗಿ ಅರವತ್ತು ವರ್ಷ ದಾಟಿತು. ಮೊನ್ನೆ ಹಳಿಯಾಳದ ಪೇಟೆಯಲ್ಲಿ ವೆಲ್ಡಿಂಗ್ ಅಂಗಡಿಯವನು ಕಾದ ಕಬ್ಬಿಣವನ್ನು ಹಲಗೆಯ ಮೇಲಿಟ್ಟು ನೀರು ಸುರಿದ. ಸುಟ್ಟ ಕಟ್ಟಿಗೆಯ ಹಸಿ ಹೊಗೆ ಮೂಗಿಗೆ ಬಡಿಯಿತು. ಕಂಬಾರ ಕಾಕು ನೆನಪಾದಳು. ಬೇರೆ ಯಾರು ನೆನಪಾಗಬೇಕು…

ಅವಳು ನಮ್ಮ ತವರಿನ ಪಕ್ಕದ ಮನೆಯವಳು, ಚಿಕ್ಕಮ್ಮನೆಂಬಂತೆ ಕಾಕು ಎನ್ನುತ್ತಿದ್ದೆವು. ಗಂಡ ಸುತ್ತಿಗೆ ಹೊಡೆದರೆ ಇವಳು ತಿದಿ ಒತ್ತುವಳು. ಬಂಡಿಯ ಗಾಲಿಗೆ ಕೆಂಪಗೆ ಕಾದ ಕಬ್ಬಿಣದ ಪಟ್ಟಿ, ಅಂದರೆ ಹಳಿ, ಕೂರಿಸಿದಾಗ ಕೊಡ ಎತ್ತಿ ನೀರು ಸುರಿಯುವಳು. ಗಂಡನಿಗಿಂತ ಇವಳ ಬಾಯಿ ಜೋರು.

ನನ್ನ ತಂದೆಯನ್ನು ನಾವು ಬಾವಾ ಎನ್ನುತ್ತಿದ್ದೆವು. ಅವರ ಆರು ಬಂಡಿಗಳು ದಾಂಡೇಲಿ ಕಾಡಿನಿಂದ ನಾಟಾ ಹೇರಿಕೊಂಡು ಬರುತ್ತಿದ್ದವು. ಯುದ್ಧದ ಕಾಲ, ಮರಕ್ಕೆ ಬೇಡಿಕೆ, ಕಬ್ಬಿಣಕ್ಕೆ ಬರ. ಬಂಡಿ ಇದ್ದವನೇ ದೊಡ್ಡ ಮನುಷ್ಯ. ಬಾವಾ ತೀರಿಕೊಂಡ ನಲವತ್ತನೆಯ ದಿನದ ಊಟ ಮುಗಿದ ಮೇಲೆ ಅಣ್ಣನನ್ನು ಕೇಳಿದೆ, ಏನೇನು ಬಿಟ್ಟು ಹೋಗಿದ್ದಾರೆ ಎಂದು. ಅಮ್ಮ ಮೊದಲೇ ಹೋಗಿದ್ದಳು, ಉಳಿದವರು ನಾವಿಬ್ಬರೇ. ನಮ್ಮಲ್ಲಿ ಮಗನಿಗೆ ಎರಡು ಪಾಲಾದರೆ ಮಗಳಿಗೆ ಒಂದು. ಭಿಕ್ಷೆಯಲ್ಲ, ಹಕ್ಕು.

“ಎರಡು ಬಂಡಿ,” ಅಂದ. “ಉಳಿದ ನಾಕು ದಾಂಡೇಲಿ ಸಾವಕಾರರವು. ಮೊದಲಿಂದ್ಲೂ ಅವರವ, ನಾವು ನಡಸ್ತಿದ್ವಿ ಅಷ್ಟ. ನಿನ್ನ ಪಾಲಿಗೆ ಒಂದು ಗಾಲಿ ಬರ್ತೈತಿ. ಉರುಳಿಸ್ಕೊಂತ ಹೋಗು.”

ಅತ್ತಿಗೆ ನಕ್ಕಳು. ಆ ನಗು ನಾನು ಮರೆತಿಲ್ಲ, ಮರೆಯುವುದೂ ಇಲ್ಲ.

ಬಂಡಿ ಹೊಡೆಯುವವರನ್ನು ಕೇಳಿದೆ. ಎತ್ತಿಗೆ ನೀರು ಕುಡಿಸಬೇಕೆಂದು ಎದ್ದು ಹೋದರು. ಅವರ ಅನ್ನ ಅಣ್ಣನ ಕೈಯಲ್ಲಿತ್ತು. ನನ್ನ ಗಂಡ, ಬಡಪಾಯಿ, “ತವರಿನ ಬಾಗ್ಲಾ ಮುಚ್ಚಿಸ್ಕೋಬ್ಯಾಡ” ಅಂದ. ಜಮಾತಿನ ಹಿರಿಯರು, “ಏನೈತಿ ಅಂತ ಗೊತ್ತಾದ್ರ ಪಾಲು ಹೇಳ್ತೇವಿ, ಬೇಟಿ. ಇಲ್ಲದ್ದನ್ನ ಹೆಂಗ ಹಂಚೂದು?” ಅಂದರು. ಮಾತು ಸರಿಯೇ. ಆದರೆ ಏನಿದೆ ಎಂದು ಹೇಳಬೇಕಾದವನೇ ಆರನ್ನು ಎರಡು ಮಾಡಿದ್ದ.

ಕಾಕುಗೆ ಹೇಳಿದೆ. ಅಳಲಿಲ್ಲ, ಅಣ್ಣನನ್ನು ಬೈದೆ. ಅವಳು ತಿದಿ ಬಿಟ್ಟು ಎದ್ದಳು.

“ಬಂಡಿಗೆ ಹೊಸಾ ಬಣ್ಣ ಬಳದಾನ, ನೋಡೇನಿ. ಗುಂಬದ ಬಳಿ ತಗದಾನೇನು?”

ಗಾಲಿಯ ನಡುವಿನ ದಪ್ಪ ಗುಂಬಕ್ಕೆ ಕಬ್ಬಿಣದ ಬಳೆ ಬಡಿಯುತ್ತಾರೆ. ದುರಸ್ತಿಗೆ ಬಂದ ಗಾಲಿಗಳು ಅದಲುಬದಲಾಗದಿರಲೆಂದು ಕಾಕು ಅದರ ಮೇಲೆ ಮನೆಗೊಂದು ಗುರುತು ಉಳಿಯಿಂದ ಹೊಡೆಯುತ್ತಿದ್ದಳು. ನಮ್ಮದು ಮೂರು ಗೀರು, ಒಂದು ಅಡ್ಡ. ಬಾವಾ ಕುಲುಮೆಯಲ್ಲಿ ಕೂತು ಅದನ್ನು ನೋಡಿದವರು. ಅಣ್ಣ ಅಲ್ಲಿಗೆ ಕಾಲಿಟ್ಟವನಲ್ಲ, ಬಟ್ಟೆ ಮಸಿಯಾಗುತ್ತದೆ ಎನ್ನುವವನು.

ಕಾಕುವಿನ ಗಂಡ ಗೊಣಗಿದ. “ನಮಗ್ಯಾಕ? ಅವನ ಬಂಡಿ ಮ್ಯಾಲ ನಮ್ಮ ಒಲಿ ಉರೀತೈತಿ.”

“ಉರೀಲಿ, ಆರಲಿ. ಹೊಡದ ಗುರುತು ನಂದು,” ಅಂದಳು.

ಶುಕ್ರವಾರ ನಮಾಜು ಮುಗಿಸಿ ಹಿರಿಯರು ಕೂತರು. ಅಣ್ಣ ಅದೇ ಪಾಠ ಒಪ್ಪಿಸಿದ: ಎರಡೇ, ಉಳಿದವು ಮೊದಲಿನಿಂದಲೂ ಸಾವಕಾರರವು. ಕಾಕು ಮಸೀದಿಯ ಗೇಟಿನ ಹೊರಗೆ ನಿಂತು ಕೂಗಿದಳು.

“ಸಂತಿ ಬಯಲಿಗೆ ಬರ್ರಿ. ಆರೂ ಅಲ್ಲೇ ನಿಂತಾವ. ನಾ ಬಾಯಿಲೆ ಹೇಳಂಗಿಲ್ಲ, ಕೈಲೆ ತೋರಸ್ತೇನಿ.”

ಬಂದರು. ಕಾಕು ಒಂದೊಂದು ಗಾಲಿಯ ಮುಂದೆ ಮೊಣಕಾಲೂರಿ ಸೆರಗಿನಿಂದ ಕೀಲೆಣ್ಣೆ ಒರೆಸಿದಳು. ಹನ್ನೆರಡು ಗಾಲಿ. ಹನ್ನೆರಡಕ್ಕೂ ಮೂರು ಗೀರು, ಒಂದು ಅಡ್ಡ.

“ಬಾವಾ ಅವರಿಗೆ ಮಾರಿದ್ರು,” ಅಂದ ಅಣ್ಣ.

“ಈಗಷ್ಟ ಮೊದಲಿಂದ್ಲೂ ಅವರವು ಅಂದ್ಯಲ್ಲೋ?” ಹಿರಿಯರಲ್ಲಿ ದೊಡ್ಡವರು ಕೇಳಿದರು.

ಅಣ್ಣ ಎತ್ತಿನ ಕಡೆ ನೋಡಿದ. ಎತ್ತು ಏನು ಹೇಳೀತು.

ಆರರಲ್ಲಿ ಎರಡು ಬಂಡಿ ನನ್ನವೆಂದು ಅಲ್ಲೇ ತೀರ್ಮಾನವಾಯಿತು. ಕಾಕು ಸುಮ್ಮನಿರುವವಳೇ? ಅಣ್ಣನ ಕಡೆ ತಿರುಗಿದಳು. “ತಮ್ಮಾ, ನಾಕು ಗಾಲಿ ಅದಾವು. ಉರುಳಿಸಾಕ ಮಂದಿ ಸಾಲಂಗಿಲ್ಲ, ನೀನೂ ಒಂದು ಹಿಡಿ.”

ಅಂದು ಸಂಜೆಯೇ ಅಣ್ಣ ಬಂಡಿಯವರಿಗೆಲ್ಲ ಹೇಳಿ ಕಳುಹಿಸಿದ, ಆ ಕುಲುಮೆಗೆ ಯಾರೂ ಗಾಲಿ ಒಯ್ಯಕೂಡದು ಎಂದು. ಅಂಜಿದವರೇ ಹೆಚ್ಚು. ಎರಡು ಮೂರು ವರ್ಷ ಅಲ್ಲಿಗೆ ಕುಡಗೋಲು, ಕುರ್ಪಿ ಬಿಟ್ಟರೆ ಹೆಚ್ಚಿನ ಕೆಲಸ ಬರಲಿಲ್ಲ. ಕಾಕು ಒಂದು ದಿನವೂ ಅದನ್ನು ನನ್ನೆದುರು ಆಡಿ ತೋರಿಸಲಿಲ್ಲ…

ಅಣ್ಣ ಸಾಯುವವರೆಗೂ ನನ್ನ ಜೊತೆ ಮಾತಾಡಲಿಲ್ಲ. ಆಡದಿದ್ದರೆ ಬಿಟ್ಟ. ಕಾಕು ತೀರಿಕೊಂಡಾಗ ನಾನು ಮುಂಡಗೋಡದಲ್ಲಿದ್ದೆ. ಸುದ್ದಿ ಎಂಟು ದಿನ ತಡವಾಗಿ ಬಂತು. ಮುಖ ನೋಡಲು ಸಿಗಲಿಲ್ಲ. ಈಗಲೂ ಕೆಲವರು ಹೇಳುತ್ತಾರೆ, ಪಾಲು ಕೇಳಿ ಈ ಮುದುಕಿ ಒಡಹುಟ್ಟಿದವನನ್ನು ಕಳೆದುಕೊಂಡಳು ಎಂದು. ನಾನು ಕಳೆದುಕೊಂಡದ್ದು ಕಾಕುವನ್ನು.

ಆ ಕುಲುಮೆಗೆ ಯಾರೂ ಹೋಗಕೂಡದೆಂದು ಅಣ್ಣ ಹೇಳಿ ಕಳುಹಿಸಿದ್ದನಲ್ಲ, ಅದರ ಮರುದಿನ ಬೆಳಿಗ್ಗೆ ಒಂದು ಬಂಡಿಯನ್ನು ಗಂಡ ಹೊಡೆದ, ಇನ್ನೊಂದನ್ನು ನಾನೇ ಹೊಡೆದೆ. ಅಣ್ಣನ ಬಾಗಿಲ ಮುಂದೆ ಹಾಯ್ದು ನೇರ ಕಾಕುವಿನ ಕುಲುಮೆಗೆ ಹೋದೆವು. ಹಳಿಗಳು ಗಟ್ಟಿಯಾಗಿಯೇ ಇದ್ದವು. ನಾಲ್ಕನ್ನೂ ಬಿಚ್ಚಿ ಹೊಸದಾಗಿ ಕೂರಿಸಲು ಹೇಳಿದೆ.