ಮಾಲಿಕೆಲೆಲಿ ಬಳಿದ ಕೆರೆ

ನಮ್ಮ ಲೆಸೊಥೊದ ಬೆಟ್ಟದೂರಲ್ಲಿ ಮಾಲಿಕೆಲೆಲಿಯ ಬಾಯಿಗೆ ಹೆದರದವರಿಲ್ಲ, ಊರ ಯಜಮಾನ ಮೊಖಾಲಿಯೂ ಸೇರಿ. ನಮ್ಮಲ್ಲಿ ಹೆಂಗಸನ್ನು ಚೊಚ್ಚಲ ಕೂಸಿನ ಹೆಸರಿಂದಲೇ ಕರೆಯುವುದು. ಮಾಲಿಕೆಲೆಲಿ ಅಂದರೆ ಲಿಕೆಲೆಲಿಯ ತಾಯಿ. ಆ ಲಿಕೆಲೆಲಿ ಹುಟ್ಟಿದ ವಾರದಲ್ಲೇ ಕಣ್ಣು ಮುಚ್ಚಿತು. ಗುಡಿಸಲ ಹಿಂದಿನ ಪೀಚ್ ಮರದ ಬುಡದಲ್ಲಿ ಮಣ್ಣು ಮಾಡಿದರು. ಅಣೆಕಟ್ಟಿನವರು ಹಳೇ ಊರನ್ನು ಮುಳುಗಿಸುವ ಮುಂಚೆ ಗೋರಿಗಳನ್ನೆಲ್ಲ ಗುಡ್ಡದ ಮೇಲಕ್ಕೆ ಸಾಗಿಸಿದರು. ಇದಕ್ಕೆ ಕಲ್ಲೇ ಇಲ್ಲ, ಇದು ಗೋರಿ ಹೇಗಾಯಿತು ಎಂದು ಅದೊಂದನ್ನು ಬಿಟ್ಟರು. ಪಕ್ಕದಲ್ಲಿ ನಿಂತಿದ್ದ ಮೊಖಾಲಿ ಹೌದೆಂದು ತಲೆಯಾಡಿಸಿದ. ಅವನ ಹೆಗಲ ಮೇಲೆ ಅವರೇ ಹೊದೆಸಿದ ಹೊಸ ಕಂಬಳಿಯಿತ್ತು.

ಅದೇ ಮಹಾನುಭಾವನಿಗೆ ಈ ವರ್ಷ ಕಲೆಯ ಹುಚ್ಚು ಹಿಡಿಯಿತು. ಪ್ರವಾಸಿಗರು ಬರುತ್ತಾರೆ, ಸಭಾಮಂಟಪದ ಗೋಡೆ ತುಂಬ ನಾಡಿನ ಪ್ರಕೃತಿ ಸೌಂದರ್ಯ ಬರೆಯಬೇಕು, ಮನೆಗೊಬ್ಬಳು ಬಂದು ತನ್ನ ಬಾಗಿಲಿಂದ ಕಾಣುವುದನ್ನು ಬರೆಯಲಿ ಎಂದ. ಬರೆದರು. ಒಂದೇ ಬೆಟ್ಟ ಐದು ಕಡೆ ಐದು ಗಾತ್ರದಲ್ಲಿ ಎದ್ದು ನಿಂತಿತು. ಮೊಖಾಲಿಯ ಹೆಂಡತಿ ಬರೆದ ಕುದುರೆ ಐದು ಬೆಟ್ಟಗಳಿಗಿಂತಲೂ ಎತ್ತರವಾಯಿತು. ಗೋಡೆ ಬಳಿಯುವುದು ನಮ್ಮಲ್ಲಿ ಹೆಂಗಸರ ಕೆಲಸ, ಹತ್ತಿರ ಸುಳಿದ ಗಂಡಸನ್ನು ಊರೇ ಆಡಿಕೊಳ್ಳುತ್ತದೆ. ಹಾಗಾಗಿ ಯಜಮಾನ ಹೆಂಡದ ಮನೆ ಜಗಲಿಯಲ್ಲಿ ಕೂತೇ ಅಪ್ಪಣೆ ಕೊಡಿಸುತ್ತಿದ್ದ.

ಗೋಡೆಯ ಕೆಳಭಾಗಕ್ಕೆ ಅಣೆಕಟ್ಟಿನ ಕೆರೆ. ಕಾಂಕ್ರೀಟು ಸುರಿದು ನಿಲ್ಲಿಸಿದ ನೀರಿಗೂ ಪ್ರಕೃತಿ ಎಂದು ಹೆಸರಿಟ್ಟ ಪುಣ್ಯಾತ್ಮ! ಆ ಕೆಲಸ, ಒಂದು ಡಬ್ಬ ನೀಲಿ ಎಣ್ಣೆ ಬಣ್ಣದ ಜೊತೆ, ಮಾಲಿಕೆಲೆಲಿಯ ಪಾಲಿಗೆ ಬಂತು. ಅವಳು ಜಗಲಿಗೇ ಹೋಗಿ, ಕೆರೆಯ ತಳದಲ್ಲಿ ಒಂದು ಪೀಚ್ ಮರ ಬರೆಯಲೇ ಎಂದು ಕೇಳಿದಳು.

"ನೀರೊಳಗಿನದು ಯಾರಿಗೆ ಕಾಣುತ್ತಮ್ಮಾ? ಸುಮ್ನೆ ನೀಲಿ ಬಳಿ," ಎಂದ ಮೊಖಾಲಿ.

ಅವಳು ಬಣ್ಣದ ಡಬ್ಬ ಎತ್ತಿಕೊಂಡು ನೆಟ್ಟಗೆ ಮನೆಗೆ ನಡೆದಳು. ಮಾರನೇ ದಿನ ಅವಳ ಮನೆ ಬಾಗಿಲು ಥಳಥಳ ನೀಲಿಯಾಗಿತ್ತು. ಯಾಕೆಂದು ಒಬ್ಬ ಗಂಡಸೂ ಕೇಳಲಿಲ್ಲ.

ಇತ್ತ ಹೆಂಗಸರು ಡಬ್ಬಗಳ ತಳದಲ್ಲಿ ಉಳಿದ ಕೆಂಪು, ಕಂದು, ಬಿಳಿ ಎಣ್ಣೆ ಬಣ್ಣ ಕೆರೆದು ತಂದು, ಗೋಡೆಯಲ್ಲಿ ಕೆರೆಗೆ ಬಿಟ್ಟ ಜಾಗದಲ್ಲಿ, ಮುಳುಗಿದ ತಮ್ಮ ತಮ್ಮ ಮನೆ ಬರೆಯತೊಡಗಿದರು. ಒಬ್ಬಳು ಬೇಲಿಯನ್ನು ಒಂದು ಬೆರಳು ಆಚೆ ತಳ್ಳಿದಳೆಂದು ಜುಟ್ಟು ಹಿಡಿಯುವಷ್ಟು ಜಗಳವಾಯಿತು. ಮೀನಿನ ಪಾಲಾದ ಹಿತ್ತಲಿಗೂ ಗಡಿ ತಕರಾರು! ಮಾಲಿಕೆಲೆಲಿ ಹೂಬಿಟ್ಟ ಪೀಚ್ ಮರ ಬರೆದು, ಅದರ ಬುಡದಲ್ಲಿ ಒಂದು ಬಿಳಿ ಕಲ್ಲು ಬರೆದಳು. ಆಗ ಅವಳಿಗೆ ಅಳು ಬಂತು, ಅತ್ತಳು. ಆಮೇಲೆ ಜೇಡಿಮಣ್ಣಿಗೆ ಬಟ್ಟೆಗೆ ಹಾಕುವ ನೀಲಿ ಕಲಸಿ, ಮನೆಗೋಡೆ ಸಾರಿಸುವ ಹಾಗೆ ಅಂಗೈಯಿಂದಲೇ ಎಲ್ಲದರ ಮೇಲೂ ಬಳಿದಳು.

ಉದ್ಘಾಟನೆಗೆ ಬಂದ ಅತಿಥಿಗಳು ಕೆರೆಯನ್ನು ಹೊಗಳಿದ್ದೇ ಹೊಗಳಿದ್ದು. ಎಲ್ಲ ತನ್ನ ಕಲ್ಪನೆ ಎಂದು ಮೊಖಾಲಿ ಎದೆಯುಬ್ಬಿಸಿದ.

ಮೊದಲ ಮಳೆ ಹುಯ್ಯಿತು. ಗೋಡೆಯ ಮಣ್ಣು ಮಳೆಗೆ ತೊಳೆದುಹೋದರೆ ಹಿರಿಯರು ಮೆಚ್ಚಿದರು ಎಂದು ನಮ್ಮಲ್ಲಿ ನಂಬಿಕೆ. ಹಿರಿಯರು ಚೆನ್ನಾಗಿಯೇ ಮೆಚ್ಚಿದರು: ಕೆರೆ ಪೂರ್ತಿ ಚರಂಡಿಗೆ ಹರಿದು, ಹಳೇ ಊರು ಬೇಲಿ ಸಮೇತ ಎದ್ದು ನಿಂತಿತು. ಮೊಖಾಲಿ ಆಡಿಕೊಳ್ಳುವವರನ್ನೂ ಮರೆತು ಗೋಡೆಗೇ ಓಡಿ ಬಂದ.

"ಏನಿದು? ಮತ್ತೆ ನೀಲಿ ಬಳಿ, ಮಾಲಿಕೆಲೆಲಿ!"

"ಇನ್ನೊಂದ್ಸಲ ಕರೀರಿ, ಯಜಮಾನ್ರೇ," ಎಂದಳು ಅವಳು ಮೆಲ್ಲಗೆ. "ದಿನಾ ಬಾಯ್ತುಂಬ ನನ್ ಮಗಳ ಹೆಸರು ಹೇಳ್ತೀರಿ. ಅವಳು ಎಲ್ಲವ್ಳೆ ಅಂತ ಈಗಾದ್ರೂ ಕಾಣ್ತಲ್ಲ?"

ಯಜಮಾನ ಕಲ್ಲನ್ನು ನೋಡಿದ, ಸುತ್ತ ನಿಂತ ಹೆಂಗಸರನ್ನು ನೋಡಿದ, ಕಂಬಳಿಯನ್ನು ಕಿವಿವರೆಗೂ ಎಳೆದುಕೊಂಡು ಹೊರಟುಹೋದ. ಗೋಡೆ ಹಾಗೇ ಇದೆ. ಅಂದಿನಿಂದ ಅವನು ಅವಳನ್ನು ಹೆಸರು ಹಿಡಿದು ಕರೆದದ್ದಿಲ್ಲ. ಏನಾದರೂ ಹೇಳಿಕಳಿಸಬೇಕಾದರೆ, ಆ ನೀಲಿ ಬಾಗಿಲಿನವಳಿಗೆ ಹೇಳಿ ಅನ್ನುತ್ತಾನೆ.